ಯಾವ ಕೋರ್ಸ್ ಸುಲಭ ಸಾರ್?

ನಾನು ತುಮಕೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಅಂಗವಿಕಲ ಮಕ್ಕಳ ಅರ್ಜಿ, ಪರೀಕ್ಷೆ, ಅದೂ ಇದೂ ನೋಡಿಕೊಳ್ಳುವ ಕೆಲಸವೂ ನನ್ನ ತಲೆಗೇ ಬಿದ್ದಿದೆ. ಮೇ ತಿಂಗಳು ಬಂತೆಂದರೆ ಬಿ.ಎಚ್. ರಸ್ತೆಯಲ್ಲಿ ನಿಂತು ಟೀ ಕುಡಿಯುವುದೂ ಕಷ್ಟ. "ಸಾರ್, ನಮ್ ಹುಡುಗನಿಗೆ ಕಣ್ಣು ಕಾಣಲ್ಲ. ಯಾವ ಕೋರ್ಸ್ ಸುಲಭ?"

ನನಗೆ ಗೊತ್ತಿಲ್ಲ. ಅವನನ್ನೇ ಕೇಳಿ.

ಹೀಗಂದರೆ ಮುಖ ಊದಿಸಿಕೊಳ್ಳುತ್ತಾರೆ. ದೊಡ್ಡ ಮಗನನ್ನು ಇಂಜಿನಿಯರಿಂಗಿಗೆ ಸೇರಿಸುವಾಗ ಸುಲಭವಾ ಅಂತ ನನ್ನನ್ನು ಕೇಳಲಿಲ್ಲ, ಅಲ್ವಾ? ಇನ್ನು ಕೆಲವರದ್ದು, "ಇವರಿಗೆ ಸೀಟು ಹೆಂಗೂ ಸಿಗುತ್ತೆ ಬಿಡಿ." ಹೌದು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಸರ್ಕಾರಿ, ಅನುದಾನಿತ ಕಾಲೇಜುಗಳಲ್ಲಿ ಕನಿಷ್ಠ ಶೇ. 5ರಷ್ಟು ಸೀಟು ಮೀಸಲು. ಸೀಟಿನ ಮೇಲೆ ಕೂತು ಓದುವುದು ಏನನ್ನು?

ಎರಡು ವರ್ಷದ ಹಿಂದೆ ಗುಬ್ಬಿ ಕಡೆಯಿಂದ ಅಪ್ಪ ಮಗ ಬಂದರು. ಅಪ್ಪ ಅರ್ಧ ಗಂಟೆ ಮಾತಾಡಿದರು. ನಾನೂ ಅವರ ಜೊತೆಗೇ ಮಾತಾಡಿದೆ. ಅಂಗವಿಕಲರ ಗುರುತಿನ ಚೀಟಿ, ಅದೇ ಯುಡಿಐಡಿ ಕಾರ್ಡ್, ತನ್ನಿ. ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ ಜಾಸ್ತಿ ಕೊಡಬೇಕು, ಕೇಳಿ ತಗೊಳ್ಳಿ. ಇವನು ಹೇಳಿದ ಉತ್ತರ ಬರೆಯುವವರನ್ನು ನೀವೇ ಕರೆತರುವುದಾದರೆ ಅವರ ಓದು ಇವನಿಗಿಂತ ಕಮ್ಮಿ ಇರಬೇಕು. ಈಗಲೇ ಹುಡುಕಿ, ಪರೀಕ್ಷೆಯ ಹಿಂದಿನ ದಿನ ಚಿಕ್ಕಪ್ಪನ ಮಗಳೂ ಕೈಗೆ ಸಿಗಲ್ಲ.

ಹುಡುಗ ಕೋಲು ಮಡಚಿ ತೊಡೆ ಮೇಲಿಟ್ಟುಕೊಂಡು ಸುಮ್ನೆ ಕೂತಿದ್ದ. ಏಳುವಾಗ ಕೇಳಿದ: "ಸಾರ್, ನಿಮ್ಮ ನೋಟ್ಸ್ ನುಡಿಯಲ್ಲಿದೆಯಾ, ಯೂನಿಕೋಡಲ್ಲಾ?"

ಇಷ್ಟು ವರ್ಷದಲ್ಲಿ ಯಾರೂ ಕೇಳದೇ ಇದ್ದ ಪ್ರಶ್ನೆ. ನುಡಿ ಅಂದರೆ ನಾವು ಕನ್ನಡ ಟೈಪ್ ಮಾಡುವ ತಂತ್ರಾಂಶ; ಯೂನಿಕೋಡ್ ಅಂದರೆ ಯಾವ ಕಂಪ್ಯೂಟರಿಗೂ ಕನ್ನಡ ಅಕ್ಷರ ಕನ್ನಡವಾಗಿಯೇ ತಿಳಿಯುವ ಸಂಕೇತ ಪದ್ಧತಿ. ಪರದೆ ಮೇಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಅನ್ನುವ ತಂತ್ರಾಂಶ ಬಿಟ್ಟಿಯಾಗೇ ಸಿಗುತ್ತೆ. ಯೂನಿಕೋಡ್ ಕನ್ನಡವಾದರೆ ಓದುತ್ತೆ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ನಮ್ಮ ಕಣ್ಣಿಗಷ್ಟೇ ಕನ್ನಡ, ಕಂಪ್ಯೂಟರಿಗೆ ಅದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ನಾವು 'ನ' ಅಂತ ನೋಡುವ ಜಾಗದಲ್ಲಿ ಒಳಗಿರುವುದು ಪೌಂಡ್ ಗುರುತು.

ನನ್ನ ಹನ್ನೊಂದು ವರ್ಷದ ನೋಟ್ಸ್ ಪೂರ್ತಿ ನುಡಿ. ಅವನ ಲ್ಯಾಪ್‌ಟಾಪಿಗೆ ಕದಂಬರ ಪಾಠ ಹಾಕಿ ನೋಡಿದೆವು. 'ಬನವಾಸಿ' ಬಂದಾಗೆಲ್ಲ ಅದು ಪೌಂಡ್, ಪೌಂಡ್ ಅಂತು. ಹುಡುಗ ನಕ್ಕ. "ಕದಂಬರು ಲಂಡನ್ನಿಗೆ ಹೋಗಿದ್ರಾ ಸಾರ್?" ಅವರಪ್ಪನೂ ನಕ್ಕರು. ನನಗೆ ನಗು ಬರಲಿಲ್ಲ. ಎಲ್ಲರೂ ನುಡಿಯಲ್ಲೇ ಟೈಪ್ ಮಾಡುತ್ತಿದ್ದೆವು ಕಣಪ್ಪಾ, ನಾನೊಬ್ಬನೇ ಅಲ್ಲ.

ಅವನು ಇತಿಹಾಸಕ್ಕೇ ಸೇರಿದ. ಸುಲಭವಾ ಅಂತ ಕೇಳಲಿಲ್ಲ. ನಾನು ರಾತ್ರಿ ಕೂತು ಒಂದೊಂದೇ ಪಾಠ ಯೂನಿಕೋಡಿಗೆ ಬದಲಾಯಿಸುತ್ತಿದ್ದೇನೆ. ಒತ್ತಕ್ಷರ ಕೆಟ್ಟಿರುತ್ತೆ, ಕೈಯಲ್ಲೇ ತಿದ್ದಬೇಕು. ವಿಜಯನಗರ ಇನ್ನೂ ಬಾಕಿ ಇದೆ. ಅವನಿಗೆ ಅದು ಮುಂದಿನ ಸೆಮಿಸ್ಟರ್.