ಬಾವಡಿಗಳು ಘಟ್ಟ ಇಳಿದ ದಿನ

ಸೊಲ್ಲಾಪುರದ ಕಡೆಯಿಂದ ಬಂದು ವಿಜಯಪುರವನ್ನು ಹಾಯ್ದು ಹೋಗುವ ರಾಷ್ಟ್ರೀಯ ಹೆದ್ದಾರಿ 52, ಕೊಲ್ಹಾರದಲ್ಲಿ ಕೃಷ್ಣೆಯನ್ನು ದಾಟಿ, ಹುಬ್ಬಳ್ಳಿ, ಯಲ್ಲಾಪುರಗಳನ್ನು ಹಿಂದೆ ಹಾಕಿ, ಅಂಕೋಲೆಯ ಬಳಿ ಕರಾವಳಿಯನ್ನು ಮುಟ್ಟುತ್ತದೆ. ಈ ಸಲ ಶಿವರಾತ್ರಿಯ ಆಸುಪಾಸಿನಲ್ಲಿ, ಊರ ಕಡೆ ಬಿಳಿಜೋಳದ ಸುಗ್ಗಿ ಮುಗಿಯುತ್ತಿದ್ದಾಗ, ನಾನು ನನ್ನ ಚಿತ್ರಗಳನ್ನು ಅದೇ ದಾರಿಯಲ್ಲಿ ಕಡಲ ದಂಡೆಗೆ ಒಯ್ದೆ. ಅಂಕೋಲೆಯಿಂದ ದಕ್ಷಿಣಕ್ಕಿರುವ ಒಂದು ಹಳ್ಳಿಯಲ್ಲಿ ಹಳೆಯ ಹೆಂಚಿನ ಮನೆಯೊಂದನ್ನು ಗ್ಯಾಲರಿಯಾಗಿ ಮಾಡಿಕೊಂಡಿದ್ದಾರೆ. ಅಲ್ಲಿಯ ಪ್ರದರ್ಶನಕ್ಕೆ ನಾನು ಆರಿಸಿಕೊಂಡದ್ದು ವಿಜಯಪುರದ ಬಾವಡಿಗಳ, ಅಂದರೆ ಮೆಟ್ಟಿಲಿಳಿದು ನೀರು ತುಂಬಿಕೊಳ್ಳುವ ಕಲ್ಲಿನ ಬಾವಿಗಳ, ಚಿತ್ರಗಳನ್ನು: 1579ರ ಚಾಂದ ಬಾವಡಿ, 1620ರ ತಾಜ ಬಾವಡಿ, ಜೊತೆಗೆ ಓಣಿಗಳ ನಡುವೆ ಹೆಸರಿಲ್ಲದೆ ಉಳಿದ ಕೆಲವು. ನೀರು ಧಾರಾಳವಾಗಿರುವ ಸೀಮೆಯವರು ನೀರಿಗಾಗಿ ಕಲ್ಲು ಕಡೆದವರ ಕೆಲಸವನ್ನು ನೋಡಬೇಕು ಎಂಬ ಆಸೆ ನನಗೆ ಬಹಳ ದಿನದಿಂದ ಇತ್ತು.

ಚಿತ್ರವನ್ನು ಕಟ್ಟಿ ಕಳಿಸುವ ಕೆಲಸವನ್ನು ಪಾರ್ಸೆಲ್‌ನವರಿಗೆ ಒಪ್ಪಿಸಿ ಸುಮ್ಮನಾಗುವವರಿದ್ದಾರೆ. ನನಗೆ ಅದು ಒಗ್ಗುವುದಿಲ್ಲ. ಕ್ಯಾನ್ವಾಸಿನ ಮುಖಕ್ಕೆ ಮೊದಲು ಬಟರ್ ಪೇಪರ್ ಹೊದಿಸಬೇಕು. ಅದರ ಮೇಲೆ ಗುಳ್ಳೆಗಳಿರುವ ಪ್ಲಾಸ್ಟಿಕ್ ಹಾಳೆಯನ್ನು ಸುತ್ತುವಾಗ ಗುಳ್ಳೆಗಳು ಹೊರಮುಖವಾಗಿರಬೇಕು. ಒಳಮುಖವಾದರೆ ಬಿಸಿಲಿಗೆ ಮೆತ್ತಗಾದ ಅಕ್ರಿಲಿಕ್ ಬಣ್ಣದ ಮೇಲೆ ಉಂಗುರದಂಥ ಗುರುತುಗಳು ಮೂಡಿಬಿಡುತ್ತವೆ. ಮೂಲೆಗಳಿಗೆ ದಪ್ಪ ರಟ್ಟಿನ ಕವಚ, ಎರಡು ಚಿತ್ರಗಳ ನಡುವೆ ಥರ್ಮಾಕೋಲ್ ಹಲಗೆ. ಅವನ್ನು ಗಾಡಿಯಲ್ಲಿ ಮಲಗಿಸದೆ, ಪ್ರಯಾಣದ ದಿಕ್ಕಿಗೆ ಅಂಚು ಮಾಡಿ ನಿಲ್ಲಿಸಿ ಬಿಗಿದೆವು. ಅವ್ವ ಹೊಲಿದ ಕೌದಿಗಳನ್ನು ಸಂದುಗಳಿಗೆ ತುರುಕಿ, ಮೇಲೆ ತಾಡಪತ್ರಿ ಎಳೆದು ಕಟ್ಟಿದ ಮೇಲೆ ಪಿಕಪ್‌ ಗಾಡಿಯ ಡ್ರೈವರ್, "ಇಷ್ಟ ಜತನಾ ಮಾಡಿದ್ರ ಘಟ್ಟದಾಗ ನಾನೂ ಸಾವಕಾಶ ಇಳಸ್ತೀನ್ರೀ ಸರ್" ಎಂದ. ಹೇಳಿದಂತೆಯೇ ನಡೆದುಕೊಂಡ. ಅರಬೈಲ್ ಘಟ್ಟದ ತಿರುವುಗಳಲ್ಲಿ ಭಾರದ ಲಾರಿಗಳ ಹಿಂದೆ ತಾಳ್ಮೆಯಿಂದ ಇಳಿದ.

ಘಟ್ಟದ ಬುಡಕ್ಕೆ ಬರುತ್ತಿದ್ದಂತೆ ಅಂಗಿ ಮೈಗೆ ಅಂಟತೊಡಗಿತು. ನಾನು ಇಡೀ ದಾರಿಯಲ್ಲಿ ಯೋಚಿಸುತ್ತಿದ್ದದ್ದು ಇದೇ ಗಾಳಿಯನ್ನು. ವಿಜಯಪುರದ ಬಳಿಯ ಕುಮಟಗಿಯ ಜಲಮಂಟಪಗಳಲ್ಲಿ ಆದಿಲ್‌ಶಾಹಿ ಕಾಲದ ಗೋಡೆಚಿತ್ರಗಳು ಎಷ್ಟು ಮಾಸಿಹೋಗಿವೆ ಎಂಬುದನ್ನು ಕಂಡವರಿಗೆ ಗಾಳಿ ಮತ್ತು ತೇವ ಬಣ್ಣಕ್ಕೆ ಏನು ಮಾಡುತ್ತವೆ ಎಂದು ಬೇರೆ ಹೇಳಬೇಕಾಗಿಲ್ಲ. ಗ್ಯಾಲರಿಯ ಅಕ್ಕನವರು ಕೂಡಲೇ ಬಿಚ್ಚಿ ನೋಡುವ ಉತ್ಸಾಹದಲ್ಲಿದ್ದರೂ, ಚಿತ್ರಗಳು ಇಲ್ಲಿಯ ಹವೆಗೆ ನಿಧಾನವಾಗಿ ಹೊಂದಿಕೊಳ್ಳಲಿ ಎಂದು ಆ ರಾತ್ರಿ ಕಟ್ಟಿದ ಹಾಗೆಯೇ ಇಡಲು ಕೇಳಿಕೊಂಡೆ. ಅವರು ಒಪ್ಪಿ, ನೆಲದ ತಂಪು ತಾಗದಂತೆ ಮರದ ಮಣೆಗಳ ಮೇಲೆ ಇಡಿಸಿದರು. ಮರುದಿನ ಬೆಳಿಗ್ಗೆ ಬಿಚ್ಚಿದಾಗ ಕೆಲವು ಕ್ಯಾನ್ವಾಸುಗಳು ತುಸು ಸಡಿಲಾಗಿದ್ದವು. ಒಳಚೌಕಟ್ಟಿನ ಮೂಲೆಗಳಲ್ಲಿರುವ ಮರದ ಬೆಣೆಗಳನ್ನು ಸಣ್ಣ ಸುತ್ತಿಗೆಯಿಂದ ಹದವಾಗಿ ಬಡಿದು ಬಿಗಿ ಮಾಡಿದೆ.

ತೂಗುಹಾಕುವ ಕೆಲಸಕ್ಕೆ ದಿನದ ಹೆಚ್ಚಿನ ಹೊತ್ತು ಹಿಡಿಯಿತು. ಗೋಡೆ ಚಿರೆಕಲ್ಲಿನದು, ಕೋಣೆಯ ಒಂದು ಬದಿಗೆ ಸುಣ್ಣ ಬಳಿದಿದ್ದರು, ಉಳಿದ ಕಡೆ ಕೆಂಪು ಕಲ್ಲು ಹಾಗೆಯೇ ಇತ್ತು. ಉಪ್ಪುಗಾಳಿಗೆ ಕಬ್ಬಿಣದ ಮೊಳೆ ಬೇಗ ತುಕ್ಕು ಹಿಡಿಯುವುದರಿಂದ ಹಿತ್ತಾಳೆಯ ಕೊಕ್ಕೆಗಳನ್ನೇ ಬಳಸಿದೆವು. ಚಿತ್ರದ ಬೆನ್ನಿಗೂ ಗೋಡೆಗೂ ನಡುವೆ ಗಾಳಿಯಾಡಲಿ ಎಂದು ಪ್ರತಿ ಚೌಕಟ್ಟಿನ ಕೆಳಮೂಲೆಗಳಿಗೆ ಬಿರಡೆಯ ತುಂಡುಗಳನ್ನು ಅಂಟಿಸಿದೆವು. ನಿಜವಾದ ಪ್ರಶ್ನೆ ಬೆಳಕಿನದಾಗಿತ್ತು. ನಮ್ಮ ಊರಿನ ಬೆಳಕು ಬಿಳಿ, ಖಡಕ್ಕಾದದ್ದು. ಅದರಲ್ಲಿ ಬರೆದ ಕರಿಕಲ್ಲಿನ ಮೆಟ್ಟಿಲುಗಳಿಗೆ ನಾನು ನೀಲಿ ಮತ್ತು ಕಂದು ಬೆರೆಸಿದ ಕಪ್ಪನ್ನು ಬಳಸಿದ್ದೆ. ಇಲ್ಲಿ ಕಿಟಕಿಯಾಚೆಯ ತೆಂಗಿನ ತೋಟ ಸೋಸಿ ಕಳಿಸುವ ಬೆಳಕಿಗೆ ಹಸಿರು ಛಾಯೆ ಇದ್ದು, ಕಿಟಕಿಯ ಪಕ್ಕ ಇಟ್ಟ ತಾಜ ಬಾವಡಿ ಪಾಚಿ ಕಟ್ಟಿದ ಕೆರೆಯಂತೆ ಕಂಡಿತು. ಈಚಿನ ವರ್ಷಗಳಲ್ಲಿ ಹೂಳೆತ್ತಿ ಚೊಕ್ಕಟ ಮಾಡಿದ ಬಾವಡಿ ಅದು; ಅದಕ್ಕೆ ಹೀಗಾಗುವುದನ್ನು ನನ್ನಿಂದ ನೋಡಲಾಗಲಿಲ್ಲ. ಹೆಂಚಿನ ನಡುವೆ ಕೂರಿಸಿದ ಗಾಜಿನ ಹೆಂಚುಗಳಿಂದ ನೇರ ಬೆಳಕು ಇಳಿಯುವ ಒಳಗೋಡೆಗೆ ಅದನ್ನು ಸಾಗಿಸಿದಾಗ ಕಲ್ಲು ಮತ್ತೆ ಕಲ್ಲಾಯಿತು. ಕೆಂಪು ಗೋಡೆಯ ಮೇಲೆ ಎರೆಮಣ್ಣಿನ ಹೊಲದ ಚಿತ್ರ ಮಾತ್ರ ನಾನು ಊರಲ್ಲಿ ಕಂಡದ್ದಕ್ಕಿಂತ ಗಾಢವಾಗಿ ನಿಂತಿತು. ಚಿತ್ರಕಾರ ತನ್ನ ಚಿತ್ರದ ಜೊತೆ ತಾನೇ ಹೋಗಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿಯೇ. ಈ ತೀರ್ಮಾನಗಳನ್ನು ಫೋನಿನಲ್ಲಿ ಹೇಳಿ ಮಾಡಿಸಲು ಬರುವುದಿಲ್ಲ.

ಮಧ್ಯಾಹ್ನ, ಪ್ರದರ್ಶನ ಇನ್ನೂ ತೆರೆಯುವ ಮೊದಲೇ, ತರಕಾರಿ ಬುಟ್ಟಿ ಇಳಿಸಿ ಒಳಗೆ ಬಂದ ಅಜ್ಜಿಯೊಬ್ಬರು ಚಾಂದ ಬಾವಡಿಯ ಮುಂದೆ ಬಹಳ ಹೊತ್ತು ನಿಂತರು. "ಮಾಸ್ತರೇ, ಬಾವಿಗೆ ಇಷ್ಟು ಮೆಟ್ಟಿಲು ಯಾಕೆ?" ಎಂದು ಕೇಳಿದರು. ಮಳೆ ಕಡಿಮೆಯಾದ ವರ್ಷ ನೀರು ಕೆಳಗಿಳಿದರೂ ಜನ ಅದರ ಹಿಂದೆಯೇ ಇಳಿದು ಕೊಡ ತುಂಬಿಕೊಳ್ಳಲಿ ಎಂದು, ಅಂದೆ. "ನಮ್ಮ ಬಾವಿಗೆ ನೀರು ಅಲ್ಲೇ ಮೇಲೇ ಅದೆ. ಬೇಸಗೆ ಬಂದ್ರೆ ಉಪ್ಪಾಗ್ತದೆ, ಅಷ್ಟೇ" ಎಂದರು. ಅನಂತರ ಒಂದೊಂದೇ ಚಿತ್ರದ ಮುಂದೆ ನಿಂತು, ಇದರಲ್ಲಿ ಈಗ ನೀರಿದೆಯೇ, ಕುಡಿಯುತ್ತಾರೆಯೇ, ಯಾರು ಕಟ್ಟಿಸಿದ್ದು ಎಂದು ವಿಚಾರಿಸಿದರು. ಚಿತ್ರದ ಗಾತ್ರ, ಮಾಧ್ಯಮ, ಬೆಲೆ ಬರೆದ ನನ್ನ ಚೀಟಿಗಳಲ್ಲಿ ಇವುಗಳಲ್ಲಿ ಒಂದಕ್ಕೂ ಉತ್ತರವಿರಲಿಲ್ಲ.

ಸಂಜೆ ಅಕ್ಕನವರೂ ನಾನೂ ಕೂತು ಪ್ರತಿ ಚಿತ್ರದ ಸ್ಥಿತಿಯನ್ನು ನಮೂದಿಸಿದ ಸ್ವೀಕೃತಿ ಪತ್ರಕ್ಕೆ ಸಹಿ ಹಾಕಿದೆವು. ಮೃಗಶಿರ ಮಳೆ ಹಿಡಿಯುವ ಮೊದಲೇ ಎಲ್ಲವನ್ನೂ ಇಳಿಸಬೇಕು, ಬೂಷ್ಟಿನ ಸುಳಿವು ಕಂಡರೆ ಅದಕ್ಕೂ ಮೊದಲೇ ನನ್ನನ್ನು ಕರೆಸಬೇಕು ಎಂಬ ಮಾತನ್ನು ಅದರಲ್ಲಿ ಸೇರಿಸಿದೆವು. ಆಮೇಲೆ ಹಳೆಯ ಚೀಟಿಗಳನ್ನು ತೆಗೆದು, ಯಾವ ಬಾವಡಿ, ಯಾರ ಕಾಲದ್ದು, ನೀರು ಇದೆಯೋ ಇಲ್ಲವೋ ಎಂದು ದಪ್ಪ ಅಕ್ಷರದಲ್ಲಿ ಹೊಸದಾಗಿ ಬರೆದು, ಬೆಲೆಯನ್ನು ಎಲ್ಲಕ್ಕಿಂತ ಕೆಳಗಿನ ಸಾಲಿಗೆ ಇಳಿಸಿದೆ.