ಕೆಂಪಿಗೆ ಮೇಲ್ಮನವಿ ಉಂಟು, ಹಳದಿಗೆ ದಿಕ್ಕಿಲ್ಲ

ಚಳಿಗಾಲದ ಶನಿವಾರ ಇಂಗ್ಲೆಂಡಿನಲ್ಲಿ ಮಧ್ಯಾಹ್ನ ಮೂರಕ್ಕೆ ಶುರುವಾಗುವ ಫುಟ್ಬಾಲ್ ಮ್ಯಾಚು ಕೋಲಾರದ ಟಿವಿಯಲ್ಲಿ ರಾತ್ರಿ ಎಂಟೂವರೆಗೆ ಬರುತ್ತದೆ. ಅದೇ ಮ್ಯಾಚು ನಾನಿರುವ ಇಂಗ್ಲೆಂಡಿನ ಟಿವಿಯಲ್ಲಿ ಬರುವುದಿಲ್ಲ. ಶನಿವಾರ 2.45ರಿಂದ 5.15ರವರೆಗೆ ನೇರ ಪ್ರಸಾರಕ್ಕೆ ತಡೆ ಇದೆ. ಜನ ಮನೆಯಲ್ಲೇ ಕೂತರೆ ಸಣ್ಣ ಕ್ಲಬ್ಬುಗಳ ಗೇಟ್ ಕಲೆಕ್ಷನ್ ಬಿದ್ದುಹೋಗುತ್ತದೆ ಎಂಬ ಹಳೆಯ ಲೆಕ್ಕ. ದುಡ್ಡು ಕೊಟ್ಟು ಸ್ಟೇಡಿಯಂ ಒಳಗೆ ಕೂತವರ ಪಾಡೂ ಅಷ್ಟಕ್ಕಷ್ಟೇ. ವಿಡಿಯೊ ಪರಿಶೀಲನೆ ನಡೆಯುವಾಗ ಪರದೆಯ ಮೇಲೆ 'ಪರಿಶೀಲನೆ ನಡೆಯುತ್ತಿದೆ' ಎಂಬ ಬರಹ ಬಿಟ್ಟರೆ ಹೆಚ್ಚೇನೂ ಕಾಣದು. ಇಂಗ್ಲೆಂಡಿನ ಅಗ್ರ ಲೀಗಾದ ಪ್ರೀಮಿಯರ್ ಲೀಗಿಗೆ ವಿಎಆರ್ (ವಿಡಿಯೊ ನೋಡಿ ರೆಫರಿಗೆ ನೆರವಾಗುವ ವ್ಯವಸ್ಥೆ) ಬಂದ 2019ರಲ್ಲಿ ಓಲ್ಡ್ ಟ್ರಾಫರ್ಡ್, ಆನ್‌ಫೀಲ್ಡ್ ಮೈದಾನಗಳೆರಡರಲ್ಲೂ ದೊಡ್ಡ ಪರದೆಯೇ ಇರಲಿಲ್ಲ. ಹಾಗಾಗಿ "ಏನಣ್ಣಾ, ನಿಮ್ಮೂರ ರೆಫರಿಗೆ ಕಣ್ಣು ಕಾಣಲ್ವಾ?" ಎಂದು ಮೆಸೇಜ್ ಹಾಕುವ ಬಂಗಾರಪೇಟೆ, ಕೆಜಿಎಫ್ ಹುಡುಗರಿಗೆ ಮೊದಲು ಹೇಳಬೇಕಾದ ಮಾತು: ನೀವು ಹತ್ತು ಕೋನದಿಂದ ನಿಧಾನಗತಿಯಲ್ಲಿ ನೋಡಿದ್ದನ್ನು ಇಲ್ಲಿ ಗ್ಯಾಲರಿಯಲ್ಲಿದ್ದವರು ಒಮ್ಮೆಯೂ ಸರಿಯಾಗಿ ನೋಡಿರುವುದಿಲ್ಲ. ರೆಫರಿ ನೋಡಿರುವುದು ಒಂದೇ ಸಲ, ಅದೂ ಓಡುತ್ತ.

ಹಾಗಂತ ರೆಫರಿಗಳ ಪರ ವಕಾಲತ್ತು ಹಾಕುತ್ತಿಲ್ಲ. ಇಲ್ಲಿನ ಅಭಿಮಾನಿಗಳ ಸಿಟ್ಟು ನ್ಯಾಯವಾದದ್ದೇ. ಆದರೆ ಅದು ಹೋಗುವ ದಿಕ್ಕು ತಪ್ಪು. ಎಲ್ಲರೂ ಆಟಗಾರನನ್ನು ಹೊರಹಾಕುವ ಕೆಂಪು ಕಾರ್ಡಿನ ಮೇಲೆ ಕೂಗಾಡುತ್ತಾರೆ. ಎಡವಟ್ಟು ಹೆಚ್ಚಿರುವುದು ಎಚ್ಚರಿಕೆಯ ಹಳದಿಯಲ್ಲಿ. ಒಂದೇ ಮ್ಯಾಚಿನಲ್ಲಿ ಎರಡು ಹಳದಿಯಾದರೂ ಹೊರಗೇ.

2024ರ ಆಗಸ್ಟ್ 31ರ ಆರ್ಸೆನಲ್–ಬ್ರೈಟನ್ ಮ್ಯಾಚು ನೋಡಿ. ಆರ್ಸೆನಲ್‌ನ ಡೆಕ್ಲನ್ ರೈಸ್ ಮೇಲೆ ಆಗಲೇ ಒಂದು ಹಳದಿ ಇತ್ತು. ಬ್ರೈಟನ್‌ಗೆ ಫ್ರೀ ಕಿಕ್ ಸಿಕ್ಕಾಗ ಆತ ಚೆಂಡನ್ನು ಕಾಲಿನಿಂದ ಒಂದಿಷ್ಟು ಪಕ್ಕಕ್ಕೆ ತಳ್ಳಿದ. ಆಟ ತಡಮಾಡಿದ್ದಕ್ಕೆ ಎರಡನೇ ಹಳದಿ, ಅಲ್ಲಿಗೆ ಹೊರಗೆ. ನಿಯಮದ ಪುಸ್ತಕ ಹಿಡಿದು ನೋಡಿದರೆ ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಅದೇ ಮ್ಯಾಚಿನ ಮೊದಲರ್ಧದಲ್ಲಿ ಬ್ರೈಟನ್ನಿನ ಜೋವಾವೊ ಪೆಡ್ರೊ ಚೆಂಡನ್ನು ದೂರ ಒದ್ದಾಗ ಕಾರ್ಡೇ ಬರಲಿಲ್ಲ. ರೈಸ್ ಮುಂದಿನ ಲೀಗ್ ಮ್ಯಾಚಿಗೆ ಇಲ್ಲ. ಆ ಮುಂದಿನ ಮ್ಯಾಚು ಟಾಟನ್‌ಹ್ಯಾಮ್ ವಿರುದ್ಧದ ಉತ್ತರ ಲಂಡನ್ ಡರ್ಬಿ. ಸೆಪ್ಟೆಂಬರ್ 22ರಂದು ಮ್ಯಾಂಚೆಸ್ಟರ್ ಸಿಟಿ ಮೈದಾನದಲ್ಲಿ ಮತ್ತದೇ ಕಥೆ. ಚೆಂಡು ಒದ್ದದ್ದಕ್ಕೆ ಆರ್ಸೆನಲ್‌ನ ಟ್ರೊಸಾರ್ಡ್‌ಗೆ ಎರಡನೇ ಹಳದಿ, ಅದಕ್ಕೂ ಮೊದಲು ಅದೇ ಕೆಲಸ ಮಾಡಿದ ಸಿಟಿಯ ಡೊಕುಗೆ ಏನೂ ಇಲ್ಲ. ವಿರಾಮಕ್ಕೆ ಮುಂಚೆಯೇ ಹತ್ತು ಜನರಾದ ಆರ್ಸೆನಲ್ ದ್ವಿತೀಯಾರ್ಧ ಪೂರ್ತಿ ಗೋಲಿನ ಮುಂದೆ ಗೋಡೆ ಕಟ್ಟಿ ನಿಂತಿತು. ಕೊನೆಯ ಗಳಿಗೆಯಲ್ಲಿ ಜಾನ್ ಸ್ಟೋನ್ಸ್ ಗೋಲು ಹೊಡೆದು 2–2 ಮಾಡಿದ. ಆರ್ಸೆನಲ್‌ನವರು ಕೊಟ್ಟ ಕಾರ್ಡಿನ ಬಗ್ಗೆ ಮಾತಾಡಿದ್ದಕ್ಕಿಂತ ಕೊಡದ ಕಾರ್ಡಿನ ಬಗ್ಗೆ ಮಾತಾಡಿದ್ದೇ ಹೆಚ್ಚು. ಅದು ಸರಿಯಾದ ದೂರು.

ಈಗ ನಿಯಮಕ್ಕೆ ಬರೋಣ. ಆಟದ ಕಾನೂನು ಬರೆಯುವುದು ಐಎಫ್‌ಎಬಿ, 1886ರಲ್ಲಿ ಹುಟ್ಟಿದ ಮಂಡಳಿ. ಫೌಲ್ ಮತ್ತು ಕಾರ್ಡಿನ ವಿಚಾರವೆಲ್ಲ 12ನೇ ನಿಯಮದಲ್ಲಿದೆ. ಟ್ಯಾಕಲ್‌ಗೆ (ಎದುರಾಳಿಯಿಂದ ಚೆಂಡು ಕಸಿಯಲು ನುಗ್ಗುವುದಕ್ಕೆ) ಅಲ್ಲಿ ಮೂರು ದರ್ಜೆ: ಅಜಾಗರೂಕತೆಯಿಂದ ಆದದ್ದಕ್ಕೆ ಬರೀ ಫ್ರೀ ಕಿಕ್, ಎದುರಾಳಿಗೆ ಅಪಾಯವಾದೀತು ಎಂಬುದನ್ನು ಲೆಕ್ಕಿಸದೆ ದುಡುಕಿದರೆ ಹಳದಿ, ಬೇಕಾದ್ದಕ್ಕಿಂತ ಹೆಚ್ಚು ಬಲ ಹಾಕಿ ಕಾಲು ಮುರಿಯುವಂತೆ ನುಗ್ಗಿದರೆ ಕೆಂಪು. ಓದಲು ಸ್ಪಷ್ಟ. ಆದರೆ ಒಂದನೇ ದರ್ಜೆ ಎಲ್ಲಿ ಮುಗಿದು ಎರಡನೆಯದು ಎಲ್ಲಿ ಶುರುವಾಗುತ್ತದೆ ಎಂದು ಅಳೆಯುವ ಕೋಲು ಯಾರ ಹತ್ತಿರವೂ ಇಲ್ಲ. ಕೋಲಾರದ ಎಪಿಎಂಸಿಯಲ್ಲಿ ಒಂದೇ ತೋಟದ ಟೊಮೆಟೊ ಬಾಕ್ಸನ್ನು ಒಂದು ಮಂಡಿಯವರು ಒಂದನೇ ನಂಬರ್ ಅಂದರೆ ಪಕ್ಕದ ಮಂಡಿಯವರು ಎರಡನೇದು ಅನ್ನುವ ಹಾಗೆ. ಒಬ್ಬ ರೆಫರಿಗೂ ಇನ್ನೊಬ್ಬನಿಗೂ ವ್ಯತ್ಯಾಸ ಬರುವುದು ಇಲ್ಲಿ, ಅದನ್ನು ಪೂರ್ತಿ ಅಳಿಸಲಾಗದು. ಒಬ್ಬನೇ ರೆಫರಿ ಒಂದೇ ಮ್ಯಾಚಿನಲ್ಲಿ ಎರಡು ಅಳತೆ ಇಟ್ಟುಕೊಂಡರೆ ಮಾತ್ರ ಕ್ಷಮೆ ಇಲ್ಲ.

ಇದಕ್ಕಿಂತ ಗೋಜಲು, ದಾಳಿ ತಡೆಯುವ ಫೌಲುಗಳದ್ದು. ಭರವಸೆಯ ದಾಳಿಯೊಂದನ್ನು ಫೌಲ್ ಮಾಡಿ ನಿಲ್ಲಿಸಿದರೆ ಹಳದಿ. ಖಚಿತವಾದ ಗೋಲಿನ ಅವಕಾಶವನ್ನೇ ತಪ್ಪಿಸಿದರೆ ಕೆಂಪು. ಎರಡರ ನಡುವೆ ನಿರ್ಧರಿಸಲು ರೆಫರಿ ನಾಲ್ಕು ವಿಷಯ ನೋಡಬೇಕು: ಗೋಲಿಗೆ ಇರುವ ದೂರ, ಆಟ ಸಾಗುತ್ತಿದ್ದ ದಿಕ್ಕು, ಚೆಂಡು ಆಟಗಾರನ ಹಿಡಿತದಲ್ಲಿ ಉಳಿಯುತ್ತಿತ್ತೇ ಎಂಬುದು, ಉಳಿದ ಡಿಫೆಂಡರ್‌ಗಳು ಎಷ್ಟು ಜನ, ಎಲ್ಲೆಲ್ಲಿ. ಟಿವಿ ಮುಂದೆ ಕೂತು 'ಅವನೇ ಕೊನೆಯ ಡಿಫೆಂಡರ್, ಕೆಂಪು ಕೊಡು' ಎನ್ನುವವರು ನಾಲ್ಕರಲ್ಲಿ ಒಂದನ್ನು ಮಾತ್ರ ನೋಡಿರುತ್ತಾರೆ. ಪೆನಾಲ್ಟಿ ಬಾಕ್ಸಿನೊಳಗೆ ಲೆಕ್ಕ ಮತ್ತೆ ಬೇರೆ. ಚೆಂಡಿಗಾಗಿಯೇ ಕಾಲು ಹಾಕಿ ಫೌಲ್ ಆಗಿದ್ದರೆ ಪೆನಾಲ್ಟಿಯ ಜೊತೆಗೆ ಕೆಂಪು ಕೊಡುವುದಿಲ್ಲ, ಹಳದಿಗೆ ಇಳಿಸುತ್ತಾರೆ, 2016ರಿಂದ ಹೀಗೆ. ಹಿಂದಿನಿಂದ ಅಂಗಿ ಹಿಡಿದೆಳೆದರೆ ಈ ರಿಯಾಯಿತಿ ಇಲ್ಲ. ಒಂದೇ ಥರ ಕಾಣುವ ಎರಡು ಪೆನಾಲ್ಟಿಗೆ ಎರಡು ಬಣ್ಣ ಬಂದಾಗ ಅರ್ಧದಷ್ಟು ಜಗಳಕ್ಕೆ ಉತ್ತರ ಈ ಸಾಲಿನಲ್ಲೇ ಸಿಗುತ್ತದೆ.

ಪದೇ ಪದೇ ಫೌಲ್ ಮಾಡುವವನಿಗೂ ಹಳದಿ ಉಂಟು. ಎಷ್ಟು ಸಲ ಎಂದು ನಿಯಮ ಹೇಳುವುದಿಲ್ಲ. ಬುದ್ಧಿವಂತ ತಂಡಗಳು ಇದನ್ನೇ ಹಿಡಿದು ಫೌಲುಗಳನ್ನು ಹಂಚಿಕೊಳ್ಳುತ್ತವೆ: ಎದುರು ತಂಡದ, ಮೈದಾನದ ಬದಿಯಲ್ಲಿ ಓಡುವ ವೇಗದ ವಿಂಗರ್‌ನನ್ನು ಈ ಸಲ ಒಬ್ಬ ಬೀಳಿಸುತ್ತಾನೆ, ಮುಂದಿನ ಸಲ ಇನ್ನೊಬ್ಬ. ಯಾರ ಹೆಸರೂ ರೆಫರಿಯ ಪುಸ್ತಕಕ್ಕೆ ಏರುವುದಿಲ್ಲ, ಪಾಪದ ವಿಂಗರ್ ಕುಂಟುತ್ತಾನೆ.

ಹಾಗಾದರೆ ವಿಎಆರ್ ಯಾಕಿದೆ ಎಂಬ ಪ್ರಶ್ನೆ. ಕ್ರಿಕೆಟ್ ನೋಡಿ ಬೆಳೆದ ನಮಗೆ ಇಲ್ಲೊಂದು ಗೊಂದಲ. ಡಿಆರ್‌ಎಸ್‌ನಲ್ಲಿ ಕ್ಯಾಪ್ಟನ್ ಕೈಯಿಂದ ಟಿ ಆಕಾರ ತೋರಿಸಿ ಕೇಳಬಹುದು. ಪ್ರೀಮಿಯರ್ ಲೀಗಿನಲ್ಲಿ ತಂಡಕ್ಕೆ ಕೇಳುವ ಹಕ್ಕಿಲ್ಲ. ಕೈಯಿಂದ ಟಿವಿಯ ಚೌಕ ಬಿಡಿಸಿ ರೆಫರಿಯನ್ನು ಕಾಡಿದರೆ ಅದಕ್ಕೇ ಹಳದಿ. ಹೀಥ್ರೂ ವಿಮಾನ ನಿಲ್ದಾಣದ ಹತ್ತಿರದ ಸ್ಟಾಕ್ಲಿ ಪಾರ್ಕಿನಲ್ಲಿ ಕೂತ ವಿಎಆರ್ ಅಧಿಕಾರಿಗಳು ತಾವಾಗಿಯೇ ನೋಡುತ್ತಾರೆ, ಅದೂ ನಾಲ್ಕು ವಿಷಯಕ್ಕೆ ಮಾತ್ರ ಎಂದು 2018ರ ನಿಯಮ ಹೇಳಿತು: ಗೋಲು, ಪೆನಾಲ್ಟಿ, ನೇರ ಕೆಂಪು ಕಾರ್ಡ್, ಒಬ್ಬನ ಬದಲು ಇನ್ನೊಬ್ಬನಿಗೆ ಕಾರ್ಡ್ ಕೊಟ್ಟ ಪ್ರಸಂಗ. ಅಲ್ಲೂ ರೆಫರಿಯ ತಪ್ಪು ಎದ್ದು ಕಾಣುವಂತಿರಬೇಕು, ಅನುಮಾನವಿದ್ದರೆ ಮೈದಾನದ ತೀರ್ಪೇ ಉಳಿಯುತ್ತದೆ. ಅದೇ ಟ್ಯಾಕಲ್‌ಗೆ ರೆಫರಿ ಕೆಂಪು ಕೊಟ್ಟಿದ್ದರೆ ಕೆಂಪು ನಿಲ್ಲುತ್ತದೆ, ಹಳದಿ ಕೊಟ್ಟಿದ್ದರೆ ಹಳದಿಯೂ ನಿಲ್ಲುತ್ತದೆ. ಎರಡು ವಾರದಲ್ಲಿ ಎರಡು ಬಣ್ಣ ನೋಡಿದ ಅಭಿಮಾನಿ ಹುಚ್ಚನಾಗುತ್ತಾನೆ.

ಹಳದಿಯ ಅನಾಥ ಸ್ಥಿತಿ ಪೂರ್ತಿ ಬಯಲಾದದ್ದು 2023ರ ಸೆಪ್ಟೆಂಬರ್ 30ರಂದು, ಟಾಟನ್‌ಹ್ಯಾಮ್–ಲಿವರ್‌ಪೂಲ್ ಮ್ಯಾಚಿನಲ್ಲಿ. ಜನರಿಗೆ ನೆನಪಿರುವುದು ಲಿವರ್‌ಪೂಲ್‌ನ ಲೂಯಿಸ್ ದಿಯಾಸ್‌ನ ಗೋಲು: ಆಫ್‌ಸೈಡ್ (ನಿಯಮ ಮೀರಿ ಮುಂದೆ ನಿಂತಿರುವುದು) ಆಗಿರಲಿಲ್ಲ, ಆದರೂ ಮೈದಾನದಲ್ಲಿ ಹಾಗೆಂದು ಗೋಲು ನಿರಾಕರಿಸಿದ್ದರು. ಗೋಲು ಕೊಟ್ಟಿದ್ದಾರೆಂದು ತಪ್ಪು ತಿಳಿದ ವಿಎಆರ್ ಅಧಿಕಾರಿ 'ಪರಿಶೀಲನೆ ಮುಗಿಯಿತು' ಅಂದುಬಿಟ್ಟರು. ಆಟ ಮತ್ತೆ ಶುರುವಾದ ಮೇಲೆ ಹಿಂದಕ್ಕೆ ಹೋಗುವಂತಿಲ್ಲ. ಆ ಗದ್ದಲದಲ್ಲಿ ಮುಚ್ಚಿಹೋದ ಸಂಗತಿ ಇನ್ನೊಂದಿದೆ. ಲಿವರ್‌ಪೂಲ್‌ನದೇ ದಿಯೊಗೊ ಜೋಟಾಗೆ ಒಂದರ ಹಿಂದೆ ಒಂದು ಎರಡು ಹಳದಿ ಬಂದು ಹೊರಹೋಗಬೇಕಾಯಿತು. ಮೊದಲನೆಯದರ ರೀಪ್ಲೇಯಲ್ಲಿ ಎದುರಾಳಿ ತನ್ನ ಕಾಲಿಗೆ ತಾನೇ ತೊಡರಿ ಬಿದ್ದಂತೆ ಕಾಣುತ್ತಿತ್ತು. ಸ್ಟಾಕ್ಲಿ ಪಾರ್ಕಿನಲ್ಲಿ ಅದನ್ನು ನೋಡಿದವರ ಕೈ ಕಟ್ಟಿತ್ತು. ಹಳದಿ ಆಗ ಅವರ ಪಟ್ಟಿಯಲ್ಲೇ ಇರಲಿಲ್ಲ.

ಕೆಂಪಿಗಾದರೆ ಮೇಲ್ಮನವಿ ಉಂಟು. 2024ರ ಸೆಪ್ಟೆಂಬರ್ 29ರಂದು ಮ್ಯಾಂಚೆಸ್ಟರ್ ಯುನೈಟೆಡ್‌ನ ಬ್ರೂನೊ ಫೆರ್ನಾಂಡಿಸ್, 2025ರ ಜನವರಿ 25ರಂದು ಆರ್ಸೆನಲ್‌ನ ಹದಿಹರೆಯದ ಮೈಲ್ಸ್ ಲೂಯಿಸ್-ಸ್ಕೆಲ್ಲಿ, ಇಬ್ಬರ ಕೆಂಪು ಕಾರ್ಡುಗಳನ್ನೂ ಫುಟ್ಬಾಲ್ ಅಸೋಸಿಯೇಷನ್ ನಂತರ ರದ್ದು ಮಾಡಿತು, ಮೂರು ಮ್ಯಾಚಿನ ನಿಷೇಧ ಹೋಯಿತು. ಹತ್ತು ಜನರಲ್ಲಿ ಆಡಿದ ಮ್ಯಾಚು ವಾಪಸ್ ಬರಲಿಲ್ಲ ಅನ್ನುವುದು ಬೇರೆ. ಹಳದಿಗೆ ಇದೂ ಇಲ್ಲ, ಗುರುತು ತಪ್ಪಿದ ಪ್ರಸಂಗ ಬಿಟ್ಟರೆ.

ಒಂದು ಹಳದಿ ತಾನೇ, ಏನಾಯಿತು ಅನ್ನುವವರಿಗೆ ಲೆಕ್ಕ ಇಲ್ಲಿದೆ. ಪ್ರೀಮಿಯರ್ ಲೀಗಿನಲ್ಲಿ ತಂಡದ ಮೊದಲ 19 ಮ್ಯಾಚಿನೊಳಗೆ ಐದು ಹಳದಿ ಆದರೆ ಒಂದು ಮ್ಯಾಚು ನಿಷೇಧ. 32 ಮ್ಯಾಚಿನೊಳಗೆ ಹತ್ತಾದರೆ ಎರಡು. ಸೀಸನ್ನಿನಲ್ಲಿ ಹದಿನೈದಾದರೆ ಮೂರು. ಲೀಗಿನ ಹಳದಿ ಲೀಗಿಗೆ, ಕಪ್ಪಿನದು ಕಪ್ಪಿಗೆ. 2018–19ರಿಂದ ಬೇರೆ ಬೇರೆ ಖಾತೆ. ಚಾಂಪಿಯನ್ಸ್ ಲೀಗಿನಲ್ಲಿ ಮೂರಕ್ಕೇ ಒಂದು ಮ್ಯಾಚು ಹೋಗುತ್ತದೆ. ಡಿಸೆಂಬರಿನಲ್ಲಿ ನಾಲ್ಕು ಹಳದಿ ಹೊತ್ತ ಮಿಡ್‌ಫೀಲ್ಡರ್ ಟ್ಯಾಕಲ್‌ಗೆ ಹಿಂದೇಟು ಹಾಕುವುದನ್ನು ಗಮನಿಸಿ, ಅರ್ಥವಾಗುತ್ತದೆ. 2002ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಹಳದಿ ಪಡೆದ ಮೈಕೆಲ್ ಬಲಾಕ್, ಅದೇ ಮ್ಯಾಚಿನಲ್ಲಿ ಗೆಲುವಿನ ಗೋಲು ಹೊಡೆದು ಜರ್ಮನಿಯನ್ನು ಫೈನಲ್‌ಗೆ ಕರೆದೊಯ್ದು ತಾನು ಮಾತ್ರ ಹೊರಗೆ ಕೂತ. ಕ್ವಾರ್ಟರ್‌ಫೈನಲ್ ಮುಗಿದ ಕೂಡಲೇ ಹಳದಿ ಅಳಿಸುವ ಪದ್ಧತಿ ವಿಶ್ವಕಪ್ಪಿಗೆ ಬಂದದ್ದು 2010ರಲ್ಲಿ. 2018ರಲ್ಲಂತೂ ಜಪಾನ್ ಮತ್ತು ಸೆನೆಗಲ್ ಅಂಕ, ಗೋಲು, ಪರಸ್ಪರ ಫಲಿತಾಂಶ ಎಲ್ಲದರಲ್ಲೂ ಸಮವಾದವು. ನಾಲ್ಕು ಹಳದಿಯ ಜಪಾನ್ ಮುಂದೆ ಹೋಯಿತು, ಆರು ಹಳದಿಯ ಸೆನೆಗಲ್ ಮನೆಗೆ. ಫ್ಯಾಂಟಸಿ ಲೀಗ್ ಆಡುವ ಕಾಲೇಜು ಹುಡುಗರಿಗಂತೂ ಹಳದಿಗೆ ಒಂದು ಅಂಕ, ಕೆಂಪಿಗೆ ಮೂರು ಕಡಿತ ಎಂಬುದು ಬಾಯಿಪಾಠ.

ತವರು ಮೈದಾನದ ಗದ್ದಲಕ್ಕೆ ರೆಫರಿ ಮಣಿಯುತ್ತಾನೆಂಬುದು ಬರೀ ಅಭಿಮಾನಿಗಳ ಗೊಣಗಾಟ ಅಲ್ಲ. 2002ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಅಧ್ಯಯನದಲ್ಲಿ 40 ಅರ್ಹ ರೆಫರಿಗಳಿಗೆ ಒಂದೇ ಮ್ಯಾಚಿನ ಟ್ಯಾಕಲ್‌ಗಳನ್ನು ತೋರಿಸಿದರು, ಕೆಲವರಿಗೆ ಜನರ ಕೂಗಿನೊಂದಿಗೆ, ಕೆಲವರಿಗೆ ಸದ್ದಿಲ್ಲದೆ. ಕೂಗು ಕೇಳಿದವರು ತವರು ತಂಡದ ವಿರುದ್ಧ ಕೊಟ್ಟ ಫೌಲ್ ಸುಮಾರು 15 ಪ್ರತಿಶತ ಕಡಿಮೆ. ಕೂಗುವವರಿಗೆ ಇದು ಗೊತ್ತಿದ್ದೇ ಕೂಗುತ್ತಾರೆ ಅನ್ನಿ. ರೀಪ್ಲೇಗೂ ಅದರದೇ ಮೋಸ ಇದೆ: ನಿಧಾನಗತಿಯಲ್ಲಿ ಪ್ರತಿ ತಾಗುವಿಕೆಯೂ ಘೋರವಾಗಿ ಕಾಣುತ್ತದೆ. ಅದಕ್ಕೇ ಎಲ್ಲಿ ತಾಗಿತು ಎಂದು ನೋಡಲು ನಿಧಾನಗತಿ, ಎಷ್ಟು ಬಲ ಇತ್ತು ಎಂದು ನೋಡಲು ಮಾಮೂಲಿ ವೇಗ ಬಳಸಬೇಕೆಂದು ವಿಎಆರ್ ಸೂಚನೆಯೇ ಹೇಳುತ್ತದೆ. ಮನೆಯಲ್ಲೂ ಹಾಗೇ ನೋಡುವುದು ಒಳ್ಳೆಯದು.

ಬುಕಿಂಗ್, ಅಂದರೆ ಕಾರ್ಡ್ ತೋರಿಸಿ ಹೆಸರು ಬರೆದುಕೊಳ್ಳುವುದು, ಕೊನೆಗೂ ಬರವಣಿಗೆಯ ಕೆಲಸ. ಶಿಳ್ಳೆ, ಆಟಗಾರನನ್ನು ಗುಂಪಿನಿಂದ ಬೇರೆ ಮಾಡುವುದು, ಅಂಗಿಯ ನಂಬರ್ ಮತ್ತು ನಿಮಿಷ ಬರೆಯುವುದು, ಕಾರ್ಡ್ ಎತ್ತುವುದು. ಇಂಗ್ಲೆಂಡಿನ ರೆಫರಿಗಳು ಕಾರಣವನ್ನು ಕೋಡಿನಲ್ಲಿ ಬರೆಯುತ್ತಾರೆ: ಸಿ1 ಅಂದರೆ ಆಟದ ಘನತೆಗೆ ತಕ್ಕದ್ದಲ್ಲದ ನಡತೆ, ಸಿ2 ತೀರ್ಪಿಗೆ ಎದುರು ಮಾತು, ಸಿ3 ಪದೇ ಪದೇ ಫೌಲ್, ಸಿ4 ಆಟ ತಡಮಾಡುವುದು. ಬಹಳ ಜನ ಹಳದಿಯನ್ನು ಒಂದು ಜೇಬಿನಲ್ಲಿ, ಕೆಂಪನ್ನು ಇನ್ನೊಂದರಲ್ಲಿ ಇಡುತ್ತಾರೆ, ಅವಸರದಲ್ಲಿ ತಪ್ಪು ಬಣ್ಣ ಏಳದಿರಲಿ ಎಂದು. ಇಷ್ಟಾದರೂ 2006ರ ವಿಶ್ವಕಪ್ಪಿನಲ್ಲಿ ಇಂಗ್ಲೆಂಡಿನ ರೆಫರಿ ಗ್ರಹಾಂ ಪೋಲ್ ಕ್ರೊಯೇಷಿಯಾದ ಶಿಮುನಿಚ್‌ಗೆ ಮೂರು ಹಳದಿ ತೋರಿಸಿದರು. ಎರಡನೆಯದನ್ನು ಎದುರು ತಂಡ ಆಸ್ಟ್ರೇಲಿಯಾದ 3ನೇ ನಂಬರಿನ ಹೆಸರಿಗೆ ಬರೆದುಕೊಂಡಿದ್ದರು. ಶಿಮುನಿಚ್ ಅಂಗಿಯೂ 3ನೇ ನಂಬರೇ.

ನಮ್ಮ ಕಡೆ ದೊಡ್ಡ ರಂಪ ಆದದ್ದು 2023ರ ಮಾರ್ಚ್ 3ರಂದು, ಬೆಂಗಳೂರಿನ ಕಂಠೀರವದಲ್ಲಿ. ಕೇರಳ ಬ್ಲಾಸ್ಟರ್ಸ್ ಆಟಗಾರರು ಸಾಲಾಗಿ ನಿಂತು ಗೋಡೆ ಕಟ್ಟುವ ಮೊದಲೇ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ಫ್ರೀ ಕಿಕ್ ಹೊಡೆದು ಗೋಲು ಮಾಡಿದರು, ಕೇರಳ ತಂಡ ಮೈದಾನ ಬಿಟ್ಟು ನಡೆಯಿತು. ನಾಲ್ಕು ಕೋಟಿ ರೂಪಾಯಿ ದಂಡ, ಕೋಚ್‌ಗೆ ಹತ್ತು ಮ್ಯಾಚು ನಿಷೇಧ. ಶಿಳ್ಳೆಗೆ ಕಾಯಬೇಕೆಂದು ರೆಫರಿ ಹೇಳದಿದ್ದರೆ ಫ್ರೀ ಕಿಕ್ ತಕ್ಷಣ ಹೊಡೆಯಬಹುದು. ಆದರೆ ಹಾಗೆ ಹೇಳಿದ್ದಾರೋ ಇಲ್ಲವೋ ಎಂಬುದು ಇಪ್ಪತ್ತೆರಡು ಜನಕ್ಕೂ ತಿಳಿಯುವಂತೆ ಸನ್ನೆ ಇರಬೇಕು.

ಗಣಿಯ ಕಾಲದಿಂದಲೂ ಫುಟ್ಬಾಲ್ ಇರುವ ಕೆಜಿಎಫ್‌ನಲ್ಲೋ ಕೋಲಾರದ ವಿಶ್ವೇಶ್ವರಯ್ಯ ಸ್ಟೇಡಿಯಂನಲ್ಲೋ ಟೂರ್ನಿ ನಡೆಸುವವರಿಗೆ ಇದರಿಂದ ಉಪಯೋಗಕ್ಕೆ ಬರುವುದು ಕೆಲವೇ. ಎಷ್ಟು ಹಳದಿಗೆ ನಿಷೇಧ, ಸೆಮಿಫೈನಲ್‌ಗೆ ಮೊದಲು ಅಳಿಸುತ್ತೀರೋ ಇಲ್ಲವೋ, ಇದನ್ನು ಡ್ರಾ ಹಾಕುವ ದಿನವೇ ಎಲ್ಲ ತಂಡಗಳ ಸಹಿ ಪಡೆದು ಬರೆದಿಡಿ. ನಾಲ್ಕೈದು ಮ್ಯಾಚಿನ ಟೂರ್ನಿಗೆ ಐದು ಹಳದಿಯ ಲೆಕ್ಕ ಹಾಕಿದರೆ ಯಾರಿಗೂ ನಿಷೇಧ ಬೀಳದು, ಎರಡು ಸಾಕು. ಎರಡೂ ತಂಡಗಳ ಅಂಗಿ ಒಂದೇ ಬಣ್ಣ ಇರದಂತೆ ನೋಡಿ, ನಂಬರಿಲ್ಲದ ಅಂಗಿಯನ್ನು ಒಳಗೆ ಬಿಡಬೇಡಿ. ರೆಫರಿಗಳನ್ನೆಲ್ಲ ಬೆಳಿಗ್ಗೆ ಒಟ್ಟಿಗೆ ಕೂರಿಸಿ ಚೆಂಡು ಒದೆಯುವುದು, ಅಂಗಿ ಎಳೆಯುವುದು, ಎದುರು ಮಾತು, ಈ ಮೂರಕ್ಕೆ ಮೊದಲ ನಿಮಿಷದಿಂದ ಒಂದೇ ಅಳತೆ ಎಂದು ಒಪ್ಪಿಸಿ. ಎದುರು ಮಾತಿಗೆ ಇಂಗ್ಲೆಂಡಿನ ಹವ್ಯಾಸಿ ಲೀಗುಗಳಲ್ಲಿ 2019ರಿಂದ ಹತ್ತು ನಿಮಿಷ ಹೊರಗೆ ಕೂರಿಸುತ್ತಾರೆ. ಅರ್ಧ ಗಂಟೆಯ ಮ್ಯಾಚಿಗೆ ಮೂರು ನಿಮಿಷ ಆದೀತು. ಪ್ರತಿ ಮ್ಯಾಚು ಮುಗಿದ ಮೇಲೆ ರೆಫರಿಯ ಪುಸ್ತಕ ಮತ್ತು ಟೇಬಲ್ಲಿನ ಶೀಟು ತಾಳೆ ನೋಡಿ ಇಬ್ಬರು ಕ್ಯಾಪ್ಟನ್‌ಗಳ ಸಹಿ ಹಾಕಿಸಿ. ಮೊಬೈಲ್‌ನಲ್ಲಿ ವಿಡಿಯೊ ಹಿಡಿದು ಟೇಬಲ್ ಹತ್ತಿರ ಬರುವವರು ಇದ್ದೇ ಇರುತ್ತಾರೆ. ಕಾರ್ಡು ಬೇರೆ ನಂಬರಿಗೆ ಬರೆದಿದ್ದರೆ ಮಾತ್ರ ಅದನ್ನು ನೋಡಿ, ಫೌಲ್ ಹೌದೋ ಅಲ್ಲವೋ ಎಂಬ ಚರ್ಚೆಗೆ ಆ ವಿಡಿಯೊ ಮುಟ್ಟಲೂ ಬೇಡಿ.