ಅಂದ್ರೆಯ ಗಂಡಸರ ಹೆಸರು, ಮುತ್ತವ್ವ ಅಂದ್ರ ಮಾರ್ಗೆರೀತಾ

ಹೋದ ತಿಂಗಳಿಂದ ನನಗ ಹೆಸರಿನ ಹುಚ್ಚ ಹಿಡದೈತಿ. ಶುರು ಆಗಿದ್ದು ಕೇಶ್ವಾಪುರದಾಗ ನಮ್ಮ ಬಾಜೂ ಮನಿ ಹುಡುಗಿಯಿಂದ. ಆಕಿ ಹೆಸರ ಆಂಡ್ರಿಯಾ, ಓದಾಕ ಅಂತ ಇಟಲಿಯ ಮಿಲಾನಿಗೆ ಹೊಂಟಾಳ, ರೂಮ್ ಸಿಕ್ಕೈತಿ ಅಂತ ಅಲ್ಲಿಂದ ಮೇಲ್ ಬಂತು, ತಗದು ನೋಡಿದ್ರ ಗಂಡ್ ಹುಡುಗರ ಹಾಸ್ಟೆಲ್! ಫಾರ್ಮಿನಾಗ ಫೀಮೇಲ್ ಅಂತನ ತುಂಬಿದ್ಲು, ಆದ್ರ ಅಲ್ಲಿಯವ್ರು ಬರೇ ಹೆಸರ ನೋಡಿ ಹುಡುಗ ಅಂತ ತಿಳಕೊಂಡಾರ. ಮನ್ಯಾಗ ಎಲ್ಲಾರಿಗೂ ಗಾಬರಿ. ಅವ್ರ ಅಜ್ಜಿ ಮಾತ್ರ ಸುಮ್ನ ಎದ್ದು ಒಳಗಿಂದ ಕನ್ನಡ ಬೈಬಲ್ ತಂದು, ಚಾಳೀಸ ಹಾಕ್ಕೊಂಡು, ಹಾಳಿ ತಿರುವಿ ಬಟ್ಟಿಟ್ಟು ತೋರ್ಸಿದ್ರು. ಅಂದ್ರೆಯ, ಯೇಸುವಿನ ಶಿಷ್ಯ ಪೇತ್ರನ ತಮ್ಮ. "ಗಂಡಸರ ಹೆಸರ ಐತ್ವಾ ಇದು, ದೀಕ್ಷಾಸ್ನಾನದ ದಿನಾನ ಹೇಳಿದ್ದೆ ನಾ."

ಅಜ್ಜಿ ಹೇಳಿದ್ದು ಖರೇನ. ಗ್ರೀಕಿನಾಗ ಆ ಹೆಸರಿನ ಬೇರಿಗೆ ಗಂಡಸು ಅಂತನ ಅರ್ಥ. ಇಂಗ್ಲಿಷಿನ ಆಂಡ್ರೂ ಇಟಲಿಯೊಳಗ ಆಂದ್ರೆಯಾ, ಹೆಣ್ಮಕ್ಕಳಿಗೆ ಬೇಕಂದ್ರ ಆಂದ್ರೆಯೀನಾ. ಹುಡುಗೀಗೆ ಆಂದ್ರೆಯಾ ಅಂತ ಇಡಬಹುದೋ ಇಲ್ಲೋ ಅನ್ನೋದು ಅಲ್ಲೆ ಸುಪ್ರೀಂ ಕೋರ್ಟಿನ ತನಕ ಹೋಗಿ 2012ರಾಗ ಇಡಬಹುದು ಅಂತ ತೀರ್ಪಾತು. ಲೂಕಾ, ನಿಕೋಲಾ ಇವೂ ಅಲ್ಲೆ ಗಂಡಸರವ. ಗಂಡಸರ ಹೆಸರು ಹಿಂಗ ಅ, ಆ ದಾಗ ಮುಗದ್ರ ಇಂಗ್ಲಿಷ್ ಕಿವಿಗೆ ವಿಚಿತ್ರ ಅನಸ್ತೈತಿ, ಆದ್ರ ರಾಮ, ಭೀಮ, ಬಸವ ಅನ್ನೋ ನಮಗ ಏನ್ ವಿಚಿತ್ರ ಹೇಳ್ರಿ.

ಆಮ್ಯಾಲೆ ನಾನು ಆಂಡ್ರಿಯಾ ಕೂತು ಬೈಬಲಿನ ಹೆಸರು ಒಂದೊಂದ ತಗದು ಇಟಾಲಿಯನ್ ಹುಡುಕಿದ್ವಿ. ಇಂಗ್ಲಿಷಿನಿಂದ ಹೊಂಟ್ರ ದಾರಿ ತಪ್ಪತೈತಿ, ಕನ್ನಡದಿಂದ ಹೊಂಟ್ರ ಮನಿ ಬಾಗ್ಲಿಗೇ ಹೋಗಿ ನಿಂದರತೀವಿ! ಪೀಟರ್ ಬಿಡ್ರಿ, ನಮ್ಮ ಪೇತ್ರ ನೋಡ್ರಿ, ಅಲ್ಲೆ ಪಿಯೆತ್ರೊ. ಸ್ತೆಫನ ಅಂದ್ರ ಸ್ತೆಫಾನೊ, ಪೌಲ ಅಂದ್ರ ಪಾವ್ಲೊ. ಜಾನ್ ಮಾತ್ರ ಜೊವಾನ್ನಿ, ನಮ್ಮಲ್ಲೆ ಯೋಹಾನ, ಇದೆಂಗ ಅಂತ ಎರಡು ದಿನ ತಲಿ ಕೆಡಿಸ್ಕೊಂಡೆ. ಮೂರನೇ ದಿನ ಸಿದ್ಧಾರೂಢ ಮಠದ ಕಡೆ ಹೊಂಟಾಗ ಯಾರೋ ಜಾತ್ರಿ ಸುದ್ದಿ ತಗದ್ರು, ತಟ್ಟನ ಹೊಳೀತು. ಯಾತ್ರೆ ಜಾತ್ರಿ ಆತು, ಯೋಗಿ ಜೋಗಿ ಆದ, ಯಮ ಜವರಾಯ ಆದ, ಸಾಲ್ಯಾಗ ತತ್ಸಮ ತದ್ಭವ ಅಂತ ಬಾಯಿಪಾಠ ಮಾಡಿದ್ದು ಅದ ಅಲ್ಲ! ಲ್ಯಾಟಿನಿನ 'ಯ' ಇಟಾಲಿಯನ್ನಿನಾಗ 'ಜ' ಆಗೇತಿ, ಹಂಗಾಗಿ ಯೋಹಾನ ಜೊವಾನ್ನಿ, ಯೋಸೇಫ ಜುಸೆಪ್ಪೆ. ಯಾಕೋಬ ಜಾಕೊಮೊ ಆಗೂದ್ರಾಗ ಮಾತ್ರ ಬಕಾರ ಹೋಗಿ ಮಕಾರ ಬಂತು, ಜನರ ಬಾಯಾಗಿನ ಲ್ಯಾಟಿನಿನಾಗನ ಹಂಗಾಗಿತ್ತು, ಇಂಗ್ಲಿಷಿನ ಜೇಮ್ಸ್‌ನಾಗಿನ ಮಕಾರಾನೂ ಅಲ್ಲಿದ.

ಮಂಡ್ಯದ ಕಡೆ ಹಾಲಿಗೆ ಆಲು ಅಂದಂಗ ಇಟಲಿಯವ್ರೂ ಹಕಾರ ನುಂಗ್ತಾರ, ಹೆನ್ರಿ ಅಲ್ಲೆ ಎನ್ರಿಕೊ, ಹೆಲೆನ್ ಎಲೆನಾ. ವಿಲಿಯಂ ಅಂತೂ ಗುಲ್ಯೆಲ್ಮೊ, ರೇಡಿಯೋಕ್ಕ 1909ರಾಗ ನೊಬೆಲ್ ತಗೊಂಡ ಮಾರ್ಕೋನಿಯ ಹೆಸರದು.

ನಮ್ಮಂಥವ್ರ ಹೆಸರಿಗೆ? ಮಹೇಶಗ ಮಾರಿಯೊ ಅಂತ ಬರೇ ಸಪ್ಪಳ ನೋಡಿ ಜೋಡಿ ಹಚ್ಚೂದು ನನಗ ಒಟ್ಟ ಮನಸಿಗೆ ಬರಲಿಲ್ಲ. ಒಂದ ಬೇರಿನ ಹೆಸರು ಸಿಗೂದಿಲ್ಲ, ಅರ್ಥ ಸಿಗತೈತಿ. ಪೇತ್ರ ಅಂದ್ರ ಕಲ್ಲು, ಅಂದಮ್ಯಾಲೆ ನಮ್ಮ ಕಲ್ಲಪ್ಪ ಕಾಕಾ ಪಿಯೆತ್ರೊ. ಬೆಳಕಿನ ಅರ್ಥದ ಲುಚೀಯಾ ನಮ್ಮ ದೀಪಾ. ವಿಜಯಗ ವಿತ್ತೋರಿಯೊ. ಅಡ್ಡಹೆಸರೂ ಹಂಗ, ಅಲ್ಲೆ ಚಿಪೊಲ್ಲಾ ಅಂತ ಮನೆತನ ಅದಾವು, ಅಂದ್ರ ಉಳ್ಳಾಗಡ್ಡಿ, ನಮ್ಮ ಕಡೆ ಉಳ್ಳಾಗಡ್ಡಿ ಮನೆತನದವ್ರು ಇದ್ದಂಗ! ಬಸವರಾಜಗ ಮಾತ್ರ ಯಾವುದೂ ಕೂಡಲಿಲ್ಲ, ಅದನ್ನ ಹಂಗ ಬಿಟ್ಟೆ.

ಆಂಡ್ರಿಯಾಂದು ಪಾಸ್‌ಪೋರ್ಟ್ ಕಾಪಿ ಕಳಿಸಿದ ಮ್ಯಾಲೆ ರೂಮ್ ಬದಲಾತು. ಹೋಗೂ ಹಿಂದಿನ ದಿನ ನಮ್ಮ ಅವ್ವಗ ಹೇಳಾಕ ಬಂದಿದ್ಲು. ಅವ್ವನ ಹೆಸರ ಮುತ್ತವ್ವ. ಗ್ರೀಕಿನಾಗ ಮುತ್ತಿಗೆ ಮಾರ್ಗರೀತೇಸ್, ಅದರಿಂದ ಬಂದ ಇಟಾಲಿಯನ್ ಹೆಸರು ಮಾರ್ಗೆರೀತಾ, ಈಗ ಅಲ್ಲೆ ಆ ಮಾತಿಗೆ ಒಂದು ಬಿಳಿ ಹೂವಿನ ಅರ್ಥಾನೂ ಐತಿ. ಅದನ್ನ ಆಂಡ್ರಿಯಾ ಕನ್ನಡದಾಗ ಚೀಟಿ ಮ್ಯಾಲೆ ಬರದು ಕೊಟ್ಲು. ಅವ್ವ ಎರಡು ಸಲ ಓದಿ, "ಮಾರ್ಗೆರೀತವ್ವ" ಅಂದು, ಚೀಟಿ ಮಡಚಿ ಎಲಿ ಅಡಕಿ ಚೀಲದಾಗ ಇಟ್ಕೊಂಡ್ಲು.